ನಾವು ಬಂದ ಜಾಗ

ಲಂಡನ್
ಜನವರಿ 18, 1953

ಪ್ರೀತಿಯ ಅಪ್ಪ,

ಮದುವೆಯಾಗಿ ಒಂದು ವಾರವಾಯಿತು. ಈಗಲೂ ಯಾರಾದರೂ ‘ಮಿಸೆಸ್ ಟ್ವೀಡಿ’ ಎಂದು ಕೂಗಿದರೆ ಬೇಸಿಲ್‌ನ ತಾಯಿ ಬಂದರೇನೋ ಎಂದು ಹಿಂತಿರುಗಿ ನೋಡುತ್ತೇನೆ. ನಿನ್ನೆ ಮಾಂಸದ ಅಂಗಡಿಯಲ್ಲಿ ಹೀಗೇ ಆಯಿತು. ಅಂಗಡಿಯವನು ಕೂಗಿ ಕೂಗಿ ಸಾಕಾಗಿ, “ಏನಮ್ಮಾ, ಹೆಸರು ಬದಲಾಯಿಸ್ಕೊಂಡ ಮೇಲೆ ಕಿವಿ ಕೇಳ್ಸೋದಿಲ್ವಾ?” ಅಂದ. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ನನಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಎಂಥ ಖುಷಿಯೆಂದರೆ, ರೇಷನ್ ಪುಸ್ತಕವನ್ನು ಅಲ್ಲೇ ಮರೆತು ಬಂದೆ.

ನೀನು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ನಿಂತು ಬೀದಿಯ ಆ ತುದಿಯವರೆಗೂ ನೋಡಿದೆ. ಮಂಜು ಕವಿದಿತ್ತು. ಎತ್ತರದ ಟೋಪಿಯವರೆಲ್ಲ ದೂರದಿಂದ ನಿನ್ನ ಹಾಗೇ ಕಾಣುತ್ತಿದ್ದರು, ಹತ್ತಿರ ಬಂದಾಗ ಬೇರೆಯವರಾಗುತ್ತಿದ್ದರು. ಆಮೇಲೆ ಐವಿ ಅತ್ತೆ ರೈಲಿನಿಂದ ಇಳಿದು ಓಡೋಡಿ ಬಂದು ನನ್ನ ಅಂಗೈಯಲ್ಲಿ ಒಂದು ಸಣ್ಣ ಗಂಟು ಇಟ್ಟಳು. “ನಿಮ್ಮಪ್ಪ ಕೊಟ್ಟಿದ್ದು. ನನ್ನೇನೂ ಕೇಳ್ಬೇಡ, ಅವನು ಏನೂ ಹೇಳ್ಲಿಲ್ಲ” ಅಂದಳು. ಬಿಚ್ಚಿದರೆ ಅಮ್ಮನ ಉಂಗುರ.

ಚೀಟಿ ಇರಲಿಲ್ಲ. ಆದರೆ ಕರವಸ್ತ್ರ ನಿನ್ನದು. ಇಸ್ತ್ರಿ ಹಾಕಿದ್ದೂ ನೀನೇ, ಮಡಿಕೆ ನೋಡಿಯೇ ತಿಳಿಯಿತು.

ಅಪ್ಪ, ಅದು ನನ್ನ ಬೆರಳಿಗೆ ಅಳತೆ ತೆಗೆದು ಮಾಡಿಸಿದಷ್ಟು ಸರಿಯಾಗಿದೆ. ಬೇಸಿಲ್ ಬೇರೊಂದು ಉಂಗುರ ತಂದಿದ್ದ, ಅದನ್ನು ತಾನೇ ಜೇಬಿಗೆ ಹಾಕಿಕೊಂಡು, “ಇದ್ರ ಮುಂದೆ ಅದು ಯಾಕೆ, ನಾಳೆ ವಾಪಸ್ ಕೊಟ್ಬಿಡ್ತೀನಿ” ಅಂದ. ಆ ಹಣದಲ್ಲಿ ನಮಗೊಂದು ಕೆಟಲ್, ಎರಡು ಕಂಬಳಿ, ಕಿಟಕಿಗೆ ಪರದೆ ಬಂದವು. ಕೋಣೆ ಮೂರನೇ ಮಹಡಿಯಲ್ಲಿದೆ. ಒಂದೇ ಬರ್ನರಿನ ಒಲೆ. ಬೇಸಿಲ್ ಅದರ ಮೇಲೆ ಹೊಗೆ ಹಾಕಿದ ಮೀನು ಬೇಯಿಸಿದರೆ ಇಡೀ ಮನೆಗೆ ಗೊತ್ತಾಗುತ್ತದೆ. ಸಂಜೆ ಸುಮ್ಮನೆ ಕೂತಾಗ ಉಂಗುರವನ್ನು ಹೆಬ್ಬೆರಳಿನಿಂದ ತಿರುಗಿಸುತ್ತ ಇರುತ್ತೇನಂತೆ. ನನಗೆ ಗೊತ್ತೇ ಆಗುವುದಿಲ್ಲ, ಬೇಸಿಲ್ ತೋರಿಸಿ ನಗುತ್ತಾನೆ.

ಚಾಪೆಲ್‌ನಲ್ಲಿ ಮದುವೆಯಾಗಲಿಲ್ಲ ಎಂದು ನಿನಗೆ ಸಿಟ್ಟು. ಅದಕ್ಕಿಂತ ಹೆಚ್ಚಾಗಿ ಅವನು ಸಿನಿಮಾದವನು ಎಂದು ಸಿಟ್ಟು. ಆದರೆ ನನಗೆ ಸಿನಿಮಾ ಹುಚ್ಚು ಹಿಡಿಸಿದ್ದು ನೀವಿಬ್ಬರೇ ತಾನೆ? ಶನಿವಾರ ನಿನ್ನ ಪಾಳಿ ಮುಗಿದ ಮೇಲೆ ಪ್ಯಾಲೇಸ್ ಟಾಕೀಸಿಗೆ ಹೋಗುವಷ್ಟರಲ್ಲಿ ಸಣ್ಣ ಚಿತ್ರ ಅರ್ಧ ಆಗಿರುತ್ತಿತ್ತು. ಅಲ್ಲಿ ಆಟ ನಿಲ್ಲದೆ ಸುತ್ತುತ್ತಲೇ ಇರುತ್ತಿತ್ತಲ್ಲ, ಯಾವಾಗ ಬೇಕಾದರೂ ಒಳಗೆ ಹೋಗಬಹುದಿತ್ತು. ಕತ್ತಲಲ್ಲಿ ಎಲ್ಲರ ಕಾಲು ತುಳಿದು ಕೂರುತ್ತಿದ್ದೆವು. ಅಂತ್ಯ ಮೊದಲು ನೋಡಿ, ವಾರ್ತಾಚಿತ್ರ ನೋಡಿ, ದೊಡ್ಡ ಚಿತ್ರ ನೋಡಿ, ಮತ್ತೆ ಸಣ್ಣ ಚಿತ್ರದ ಮೊದಲರ್ಧ ಮುಗಿಯುವಾಗ ಅಮ್ಮ ನಿನ್ನ ಮೊಣಕೈ ತಿವಿದು ಹೇಳುತ್ತಿದ್ದಳು: “ಏಳು ವಾಲ್ಟರ್, ನಾವು ಬಂದ ಜಾಗ ಬಂತು.” ಎಷ್ಟೋ ವರ್ಷ ನನಗೆ ಕಥೆಗಳೆಲ್ಲ ಹೀಗೆ ನಡುವಿನಿಂದಲೇ ಶುರುವಾಗುತ್ತವೆ ಅಂತ ಅನಿಸಿತ್ತು.

ಒಂದು ಸಾಲು ಬರಿ. ನಿನ್ನ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನ ಒಲೆ ಸರಿಯಾಗಿ ಉರಿಯುತ್ತಿದೆಯೇ ಎಂದಷ್ಟೇ ಬರೆದರೂ ಸಾಕು.

ನಿನ್ನ ಪ್ರೀತಿಯ,
ಮ್ಯುರಿಯಲ್


ಲಂಡನ್
ಫೆಬ್ರವರಿ 8, 1953

ಪ್ರೀತಿಯ ಅಪ್ಪ,

ನಿನ್ನ ಪತ್ರ ಬರಲಿಲ್ಲ, ಆದರೂ ನಾನು ಬರೆಯುವುದನ್ನು ಬಿಡುವುದಿಲ್ಲ. ಇಂದು ಭಾನುವಾರ, ಬೇಸಿಲ್ ಸತ್ತು ಸತ್ತು ಸುಸ್ತಾಗಿ ಮಲಗಿದ್ದಾನೆ. ಗಾಬರಿಯಾಗಬೇಡ. ವಾರವಿಡೀ ಅವನು ಹೆಣದ ಪಾತ್ರ ಮಾಡಿದ.

ನಮ್ಮ ಚಿತ್ರದ ಹೆಸರು ‘ಗ್ಯಾಸ್ ಕಾರ್ಖಾನೆ ಹಿಂದಿನ ಮನೆ’. ದೊಡ್ಡ ಚಿತ್ರಕ್ಕೆ ಮುಂಚೆ ತೋರಿಸುವ ಸಣ್ಣ ಚಿತ್ರ. ವೆರಾ ಎಂಬ ಹೆಂಗಸು ಗಂಡನ ಕೋಕೋಗೆ ವಿಷ ಹಾಕಿ, ಅವನು ತಾನಾಗಿಯೇ ಸತ್ತನೆಂದು ನಂಬಿಸಲು ನೋಡುತ್ತಾಳೆ. ಖರ್ಚು ಎಷ್ಟು ಕಡಿಮೆಯೆಂದರೆ, ಪಕ್ಕದ ಸ್ಟುಡಿಯೋದಲ್ಲಿ ಯಾವುದೋ ರಾಜನ ಚಿತ್ರಕ್ಕೆ ಕಟ್ಟಿದ್ದ ಮಲಗುವ ಕೋಣೆಗೆ ಹಳೇ ಗೋಡೆಕಾಗದ ಅಂಟಿಸಿ ಅದನ್ನೇ ಬ್ಯಾಂಕ್ ಗುಮಾಸ್ತನ ಮನೆ ಮಾಡಿದ್ದಾರೆ. ಬಾಗಿಲು ಮಾತ್ರ ಅರಮನೆಯದು. ಗುಮಾಸ್ತ ಆ ಬಾಗಿಲಿನಿಂದ ಹಾಲಿನ ಬಾಟಲಿ ಎತ್ತಿಕೊಳ್ಳಲು ಬಂದರೆ ನಮಗೆಲ್ಲ ನಗು ತಡೆಯಲಾಗುವುದಿಲ್ಲ. ನಟರು ಸ್ವಂತ ಬಟ್ಟೆಯನ್ನೇ ತೊಟ್ಟುಕೊಂಡು ಬರುತ್ತಾರೆ. ಗಂಡನ ಪಾತ್ರದವರಿಗೆ ದಿನಗೂಲಿ. ಒಂದೇ ದಿನ ಬಂದು ಕೋಕೋ ಕುಡಿದು ಹೋದರು. ಆಮೇಲಿನ ಹೆಣ ಬೇಸಿಲ್. ಬಾಗಿಲು ತಟ್ಟಿ ಹೆಣ ಕಂಡುಹಿಡಿಯುವ ಹಾಲಿನವನೂ ಬೇಸಿಲ್. ಮೀಸೆ ಅಂಟಿಸಿಕೊಂಡು ಬಂದು ಹೆಣ ಕಾಯುವ ಕಾನ್‌ಸ್ಟೆಬಲ್ಲೂ ಬೇಸಿಲ್. “ಮನೆಯವ್ರೆಲ್ಲ ಒಂದೇ ಕಡೆ ಇದ್ರೆ ಎಷ್ಟು ಚೆಂದ” ಅನ್ನುತ್ತಾನೆ ಅವನು.

ನನ್ನ ಕೆಲಸ ಹೇಳಲೇ? ಇಲ್ಲಿ ಅದಕ್ಕೆ ಕಂಟಿನ್ಯುಟಿ ಅನ್ನುತ್ತಾರೆ. ಚಿತ್ರವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಇವತ್ತು ಕೊನೆ, ನಾಳೆ ಮೊದಲು, ಥೇಟ್ ನಮ್ಮ ಪ್ಯಾಲೇಸ್ ಟಾಕೀಸಿನ ಶನಿವಾರದ ಹಾಗೆ. ವೆರಾ ಬಾಗಿಲ ಹೊರಗೆ ಎಡಗೈಯಲ್ಲಿ ಚೀಲ ಹಿಡಿದಿದ್ದರೆ, ಎಷ್ಟೋ ದಿನದ ಮೇಲೆ ತೆಗೆಯುವ ಬಾಗಿಲ ಒಳಗಿನ ದೃಶ್ಯದಲ್ಲೂ ಎಡಗೈಯಲ್ಲೇ ಇರಬೇಕು. ಅದನ್ನೆಲ್ಲ ನೋಡಿ ಬರೆದಿಟ್ಟುಕೊಂಡು ಕಾಯುವವಳು ನಾನು. ಸ್ವಂತವಾಗಿ ನನ್ನ ಕೈಗೆ ಬಂದ ಮೊದಲ ಚಿತ್ರ ಇದು. ಪೆನ್ನು ಸೋರುತ್ತದೆ, ನಡುಬೆರಳು ಸದಾ ನೀಲಿ. ಅಮ್ಮ ಇದ್ದಿದ್ದರೆ ನನ್ನ ಬೆರಳಿನ ಮಸಿ ಉಜ್ಜುತ್ತಿದ್ದ ಆ ಒರಟು ಕಲ್ಲು ಹಿಡಿದುಕೊಂಡು ಅಟ್ಟಿಸಿಕೊಂಡು ಬರುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕಿತ್ತು. ಇವತ್ತು ಬೇಡ. ಬೇಸಿಲ್ ಎದ್ದ, ಟೀ ಕೇಳುತ್ತಿದ್ದಾನೆ.

ನಿನ್ನ ಪ್ರೀತಿಯ,
ಮ್ಯುರಿಯಲ್


ಹಾರ್ಡ್‌ಕ್ಲಫ್, ಯಾರ್ಕ್‌ಶೈರ್
ಫೆಬ್ರವರಿ 20, 1953

ಮ್ಯುರಿಯಲ್,

ಐವಿ ನಿನ್ನನ್ನು ನೋಡಿಕೊಂಡು ನಿನ್ನೆ ಹಿಂತಿರುಗಿದಳು. ನಿನ್ನ ಬೆರಳಿನಲ್ಲಿ ಉಂಗುರವಿರಲಿಲ್ಲ ಎಂದಳು. ಅವಳು ಇದ್ದಷ್ಟು ಹೊತ್ತೂ ನೀನು ಆ ಕೈಯನ್ನು ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡಿದ್ದೆಯಂತೆ.

ಆ ಮನುಷ್ಯ ಅದನ್ನು ಗಿರವಿ ಇಟ್ಟಿದ್ದರೆ ರಸೀದಿಯನ್ನು ನನಗೆ ಕಳಿಸು. ನಾನು ಬಿಡಿಸಿಕೊಳ್ಳುತ್ತೇನೆ. ಯಾರಿಗೂ ಹೇಳುವುದಿಲ್ಲ.

ಒಲೆ ಚೆನ್ನಾಗಿಯೇ ಉರಿಯುತ್ತಿದೆ.

ವಾ. ಬ್ಯಾರಕ್ಲಫ್


ಲಂಡನ್
ಫೆಬ್ರವರಿ 22, 1953

ಪ್ರೀತಿಯ ಅಪ್ಪ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಮೆಟ್ಟಿಲ ಮೇಲೇ ಕುಣಿದಿದ್ದೆ. ಕೆಳಗಿನ ಮನೆಯವರು ಬಾಗಿಲು ತೆರೆದು ನೋಡಿದರು. ಆಮೇಲೆ ಓದಿದೆ.

ಉಂಗುರ ಗಿರವಿ ಅಂಗಡಿಯಲ್ಲಿಲ್ಲ. ಅದು ಕೊಲೆಗಾರ್ತಿಯ ಬೆರಳಿನಲ್ಲಿದೆ.

ಹೇಗೆ ಆಯಿತೆಂದು ಹೇಳುತ್ತೇನೆ, ಪೂರ್ತಿ ಓದು. ಮೊದಲ ದಿನ ಬೆಳಿಗ್ಗೆ ಮೊದಲ ಶಾಟು. ವೆರಾ ಪಾತ್ರದ ಮಿಸ್ ಡೆಲಾನಿ ಮೇಜಿನ ಮುಂದೆ ಕೂತಿದ್ದಾರೆ. ದೀಪ ಹಾಕಿ ಆಗಿದೆ. ನಿರ್ದೇಶಕ ಪಾರ್ಜೆಟರ್ ಅವರು ಬಗ್ಗಿ ನೋಡಿ, “ಈಕೆ ಮದುವೆಯಾದ ಹೆಂಗಸಲ್ವೇ? ಉಂಗುರ ಎಲ್ಲಪ್ಪಾ?” ಅಂದರು. ಸಾಮಾನು ನೋಡಿಕೊಳ್ಳುವವನು ತಂದಿದ್ದು ಪರದೆಗೆ ಹಾಕುವ ಹಿತ್ತಾಳೆ ಬಳೆ. ದೀಪದ ಬೆಳಕಿಗೆ ಅದು ಪೂರ್ತಿ ಬೆಳ್ಳಗೆ ಹೊಳೆಯಿತು. ನಮ್ಮಂಥ ಚಿತ್ರದಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ, ಅಂಗಡಿಗೆ ಹೋಗಿ ಬರುವಷ್ಟು ಹೊತ್ತು ಅಂದರೆ ಒಂದು ದೃಶ್ಯವೇ ಹೋಯಿತು. ಅವರು ಸುತ್ತ ನೋಡಿ, “ಇಲ್ಲಿ ಯಾರಾದ್ರೂ ಮದುವೆ ಆಗಿರೋರು ಇದ್ದೀರಾ?” ಅಂದರು.

ಅಪ್ಪ, ನನ್ನನ್ನು ಯಾರಾದರೂ ಹಾಗೆ ಕೇಳಲಿ ಎಂದು ನಾನು ಆ ವಾರವಿಡೀ ಕಾಯುತ್ತಿದ್ದೆ. ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಕೈ ಎತ್ತಿಬಿಟ್ಟೆ. ಒಂದು ಶಾಟಿಗೆ ಅಂದುಕೊಂಡು ಕೊಟ್ಟೆ. ಶಾಟು ಮುಗಿಯಿತು. ನನ್ನ ಹಾಳೆಯಲ್ಲಿ ನಾನೇ ಬರೆದೆ: ‘ಎಡಗೈ, ಸಾದಾ ಚಿನ್ನದ ಉಂಗುರ.’ ಬರೆದ ಮೇಲೇ ಏನು ಮಾಡಿದೆನೆಂದು ತಿಳಿಯಿತು. ಇನ್ನು ಚಿತ್ರ ಮುಗಿಯುವವರೆಗೂ ವೆರಾ ಎಲ್ಲಿ ಬಂದರೂ ಆ ಉಂಗುರ ಅವಳ ಬೆರಳಿನಲ್ಲಿರಬೇಕು. ಇರುವಂತೆ ನೋಡಿಕೊಳ್ಳುವುದು ನನ್ನದೇ ಕೆಲಸ. ಒಮ್ಮೆ ಕ್ಯಾಮೆರಾ ಕಂಡ ವಸ್ತು ಕಟ್ಟಡ ಬಿಟ್ಟು ಹೋಗಬಾರದು ಎಂಬ ನಿಯಮವಿದೆ. ಕಳೆದುಹೋದರೆ ಅಲ್ಲಿಯವರೆಗೆ ತೆಗೆದದ್ದೆಲ್ಲ ವ್ಯರ್ಥ. ಸಂಜೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ನಾನು ಬರೀ ಬೆರಳಿನಲ್ಲಿ ಮನೆಗೆ ಬರುತ್ತೇನೆ.

ಐವಿ ಅತ್ತೆ ಬಂದಾಗ ಹೇಳಬೇಕು ಅಂದುಕೊಂಡೆ. ಅವಳು ಬಾಗಿಲಲ್ಲೇ, “ಎಲ್ಲಿ, ಕೈ ತೋರ್ಸು, ನಿಮ್ಮಮ್ಮ ಫ್ಲಾರೀ ಉಂಗುರ ನಿಂಗೆ ಹೇಗೆ ಕಾಣ್ಸುತ್ತೆ ನೋಡ್ತೀನಿ” ಅಂದಳು. “ಅತ್ತೆ, ಕೈಯೆಲ್ಲ ಹಿಟ್ಟು” ಅಂದೆ. ಹಿಟ್ಟು ಎಲ್ಲಿತ್ತು, ಮನೆಯಲ್ಲಿ ಒಲೆಯೂ ಹಚ್ಚಿರಲಿಲ್ಲ. ಅಮ್ಮನ ಉಂಗುರವನ್ನು ಒಂದು ತಿಂಗಳು ಕೂಡ ಇಟ್ಟುಕೊಳ್ಳಲಾಗದವಳು ಎಂದು ನಿನಗೆ ತಿಳಿಯುವುದು ನನಗೆ ಬೇಕಿರಲಿಲ್ಲ, ಅಷ್ಟೇ.

ಮಿಸ್ ಡೆಲಾನಿ ಕೆಲಸ ಈ ವಾರ ಮುಗಿಯುತ್ತದೆ, ಅವರು ನಾಟಕಕ್ಕೆ ಬ್ರೈಟನ್‌ಗೆ ಹೋಗುತ್ತಾರೆ. ಆಮೇಲೆ ಗಡಿಯಾರ, ಬಾಗಿಲ ಹಿಡಿ, ಕೋಕೋ ಲೋಟ, ವೆರಾಳ ಕೈ, ಇಂಥ ಹತ್ತಿರದ ಶಾಟುಗಳು ಉಳಿಯುತ್ತವೆ. ಅದಕ್ಕೂ ಉಂಗುರ ಬೇಕು. ಅದು ಮುಗಿದರೆ ನನ್ನ ಬೆರಳಿಗೆ ಬರುತ್ತದೆ.

ಬೇಸಿಲ್ ನಿನ್ನ ಪತ್ರ ಓದಿದ. ನನಗೆ ಬಚ್ಚಿಡಲು ಆಗಲಿಲ್ಲ. ಅವನು ಹೊರಗೆ ಹೋಗಿ ಕಲ್ಲಿದ್ದಲು ಹೊತ್ತುಕೊಂಡು ಬಂದ. ಮನೆಯ ಬಕೆಟ್ ಮೊದಲೇ ತುಂಬಿತ್ತು.

ನಂಬು ಅಪ್ಪ.

ಮ್ಯುರಿಯಲ್


ಹಾರ್ಡ್‌ಕ್ಲಫ್
ಮಾರ್ಚ್ 3, 1953

ಮ್ಯುರಿಯಲ್,

ನಿನ್ನ ಪತ್ರ ತಲುಪಿತು. ಮೋಟಾರು, ಕ್ಯಾಮೆರಾ, ಅರಮನೆ ಬಾಗಿಲು ಎಲ್ಲ ಇರುವವರ ಬಳಿ ಒಂದು ಉಂಗುರ ಇರಲಿಲ್ಲ ಎನ್ನುತ್ತೀಯ. ನೀನು ಚಿಕ್ಕವಳಿದ್ದಾಗಿನಿಂದ ಬೇರೆಯವರ ತಪ್ಪನ್ನು ನಿನ್ನ ಮೇಲೆ ಹಾಕಿಕೊಳ್ಳುವವಳು. ಬೆಕ್ಕು ಹಾಲು ಚೆಲ್ಲಿದರೂ ನೀನು ‘ನಾನೇ’ ಅನ್ನುತ್ತಿದ್ದೆ.

ಆ ಉಂಗುರ ನಿನ್ನಮ್ಮನ ಕೈಯಿಂದ ಒಂದೇ ಸಲ ಹೊರಬಂದಿದ್ದು. ಆಸ್ಪತ್ರೆಯ ನರ್ಸ್ ತೆಗೆದು ನನ್ನ ಕೈಗೆ ಕೊಟ್ಟಳು.

ಇದರ ಬಗ್ಗೆ ಇನ್ನು ಬರೆಯುವುದು ಬೇಡ.

ವಾ. ಬ್ಯಾರಕ್ಲಫ್


ಲಂಡನ್
ಮಾರ್ಚ್ 19, 1953

ಮಾನ್ಯ ಬ್ಯಾರಕ್ಲಫ್ ಅವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಹೀಗೆ ಶುರುಮಾಡಿದ್ದೇನೆ. ಮ್ಯುರಿಯಲ್‌ಗೆ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ.

ಉಂಗುರ ಇಂದು ಮಧ್ಯಾಹ್ನ ಹಿಂತಿರುಗಿ ಬಂತು. ಅವಳು ಬಸ್ಸಿನಲ್ಲೇ ಹಾಕಿಕೊಂಡಳು. ಈಗ ಮಲಗಿದ್ದಾಳೆ, ಆ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು.

ನಾನು ನನ್ನ ಗಡಿಯಾರವನ್ನು ಗಿರವಿ ಇಟ್ಟಿದ್ದುಂಟು. ತಂದೆಯ ಕೊಳಲನ್ನೂ ಒಮ್ಮೆ ಇಟ್ಟಿದ್ದೆ, ಬಿಡಿಸಿಕೊಂಡೆ. ಆದ್ದರಿಂದ ನೀವು ಹಾಗೆ ಯೋಚಿಸಿದ್ದು ತೀರಾ ತಪ್ಪು ಮನುಷ್ಯನ ಬಗ್ಗೆಯಲ್ಲ. ಆದರೆ ಆ ಉಂಗುರವನ್ನು ಮುಟ್ಟುವ ಧೈರ್ಯ ನನಗಿಲ್ಲ. ಅವಳು ಅದನ್ನು ಕೊಟ್ಟ ದಿನ ನಾನು ಹೆಣವಾಗಿ ಹೊದಿಕೆಯ ಕೆಳಗಿದ್ದೆ. ಎದ್ದು ಬೇಡವೆನ್ನಬೇಕಿತ್ತು. ಹೆಣ ಎದ್ದರೆ ಶಾಟು ಹಾಳಾಗುತ್ತದೆಂದು ಸುಮ್ಮನಿದ್ದೆ. ಅದಕ್ಕಾಗಿ ಕ್ಷಮಿಸಿ.

ಅವಳು ದಿನಾ ಬೆಳಿಗ್ಗೆ ಅಂಚೆಯವನಿಗಿಂತ ಮುಂಚೆ ಬಾಗಿಲಲ್ಲಿರುತ್ತಾಳೆ. ಗುಡಿಸುವ ನೆಪ. ನಮ್ಮ ಮೆಟ್ಟಿಲಷ್ಟು ಚೊಕ್ಕಟ ಮೆಟ್ಟಿಲು ಈ ಬೀದಿಯಲ್ಲಿಲ್ಲ.

ನಿಮ್ಮ ವಿಧೇಯ,
ಬೇಸಿಲ್ ಟ್ವೀಡಿ


ಲಂಡನ್
ಜುಲೈ 12, 1953

ಪ್ರೀತಿಯ ಅಪ್ಪ,

ಬಹಳ ದಿನವಾಯಿತು. ರಾಣಿಯ ಪಟ್ಟಾಭಿಷೇಕದ ದಿನ ಮಳೆಯಲ್ಲಿ ನೆನೆದು ಇಬ್ಬರಿಗೂ ನೆಗಡಿ ಹಿಡಿದು, ಒಂದೇ ಬಟ್ಟಲಲ್ಲಿ ಸಾಸಿವೆ ನೀರು ಹಾಕಿ ನಾಲ್ಕೂ ಕಾಲು ಇಳಿಬಿಟ್ಟು ಕೂತಿದ್ದೆವು. ಮದುವೆ ಅಂದರೆ ಇದೇ ಇರಬೇಕು ಎಂದು ನನಗನಿಸಿತು. ಅದನ್ನು ನಿನಗೆ ಬರೆಯಬೇಕು ಅಂದುಕೊಂಡೆ, ಬರೆಯಲಿಲ್ಲ.

ಕಳೆದ ವಾರ ಚಿತ್ರವನ್ನು ನಮಗೆಲ್ಲ ತೋರಿಸಿದರು. ಪರವಾಗಿಲ್ಲ, ಚೆನ್ನಾಗಿದೆ. ಅರಮನೆ ಬಾಗಿಲು ಗೊತ್ತೇ ಆಗುವುದಿಲ್ಲ. ಆದರೆ ನನ್ನ ಕೆಲಸದಲ್ಲಿ ಒಂದು ತಪ್ಪು ಉಳಿದುಬಿಟ್ಟಿದೆ. ಯಾವ ತಪ್ಪನ್ನು ಹಿಡಿಯಲೆಂದೇ ನನ್ನನ್ನು ಇಟ್ಟುಕೊಂಡಿದ್ದಾರೋ ಅಂಥದ್ದೇ ತಪ್ಪು. ಪರದೆಯ ಮೇಲೆ ಅದು ಮೇಜಿನಷ್ಟು ದೊಡ್ಡದಾಗಿ ಬಂದಾಗ ನಾನು ಕುರ್ಚಿಯೊಳಗೆ ಇಳಿದುಹೋದೆ. ದೀಪ ಹತ್ತಿದ ಮೇಲೆ ಪಾರ್ಜೆಟರ್ ಅವರ ಬಳಿ ಹೋಗಿ ಹೇಳಿದೆ. ಅವರು, “ಅಯ್ಯೋ ಹುಡುಗಿ, ಯಾರು ನೋಡ್ತಾರೆ ಅದನ್ನ? ಆ ಹೊತ್ತಿಗೆ ಜನ ಐಸ್‌ಕ್ರೀಮ್‌ಗೆ ಚಿಲ್ಲರೆ ಹುಡುಕ್ತಾ ಇರ್ತಾರೆ” ಅಂದರು. ಏನು ತಪ್ಪು ಎಂದು ನಿನಗೆ ಹೇಳುವುದಿಲ್ಲ. ನಿನ್ನ ಮುಂದೆ ನನ್ನ ಒಂದಾದರೂ ಕೆಲಸ ಸರಿಯಾಗಿರಲಿ.

ಉಂಗುರ ನನ್ನ ಬಳಿ ಇದೆ. ನೀನು ಬರೆಯಬೇಡ ಅಂದಿದ್ದೆ, ಇಷ್ಟೇ ಬರೆದೆ.

ನಿನ್ನ,
ಮ್ಯುರಿಯಲ್


ಲಂಡನ್
ಅಕ್ಟೋಬರ್ 11, 1953

ಪ್ರೀತಿಯ ಅಪ್ಪ,

ಬೇಸಿಲ್ ಎಲ್ಲಿಂದಲೋ ವಿಚಾರಿಸಿಕೊಂಡು ಬಂದ. ಬರುವ ವಾರ, ಗುರುವಾರದಿಂದ ಶನಿವಾರದವರೆಗೆ, ನಮ್ಮ ಚಿತ್ರ ಹಾರ್ಡ್‌ಕ್ಲಫ್‌ನ ಪ್ಯಾಲೇಸ್‌ನಲ್ಲಿ. ಅಮೆರಿಕದ ಕತ್ತಿವರಸೆಯ ಬಣ್ಣದ ಚಿತ್ರ ದೊಡ್ಡದು, ಅದರ ಜೊತೆ ನಮ್ಮದು.

ಅಮ್ಮ ಹೋದ ಮೇಲೆ ನೀನು ಆ ಕಟ್ಟಡದ ಮುಂದೆ ಹಾಯುವುದನ್ನೂ ಬಿಟ್ಟು ಕಾಲುವೆ ದಾರಿಯಿಂದ ಮನೆಗೆ ಬರುತ್ತೀಯೆಂದು ನನಗೆ ಗೊತ್ತು. ಚಿಕ್ಕವಳಿದ್ದಾಗ ನಿನಗೆ ಸಿನಿಮಾ ಮೇಲೆ ಕೋಪ ಅಂದುಕೊಂಡಿದ್ದೆ. ಮದುವೆಯಾದ ಮೇಲೆ ಹಾಗನಿಸುವುದಿಲ್ಲ. ಬೇಸಿಲ್ ಊರಲ್ಲಿಲ್ಲದ ದಿನ ನಾವಿಬ್ಬರೂ ಟೀ ಕುಡಿಯುವ ಅಂಗಡಿಯ ಮುಂದೆ ನಾನೂ ಹೋಗುವುದಿಲ್ಲ.

ಹಾಗಾಗಿ ಹೋಗು ಅನ್ನುವುದಿಲ್ಲ. ಉಂಗುರ ಅಲ್ಲಿದೆ ಎಂದಷ್ಟೇ ಹೇಳುತ್ತೇನೆ. ನಾನು ಕಥೆ ಕಟ್ಟಿರಲಿಲ್ಲ ಎನ್ನುವುದಕ್ಕೆ ನನ್ನ ಬಳಿ ಬೇರೆ ಸಾಕ್ಷಿಯಿಲ್ಲ.

ಮ್ಯುರಿಯಲ್


ಹಾರ್ಡ್‌ಕ್ಲಫ್
ಅಕ್ಟೋಬರ್ 25, 1953

ಪ್ರೀತಿಯ ಮ್ಯುರಿಯಲ್,

ಕಳೆದ ಶನಿವಾರ ಪಾಳಿ ಮುಗಿಸಿ, ಬಟ್ಟೆ ಕೂಡ ಬದಲಾಯಿಸದೆ ಪ್ಯಾಲೇಸ್‌ಗೆ ಹೋದೆ. ಟಿಕೆಟ್ ಕೊಡುವ ಜಾಗದಲ್ಲಿ ಈಗಲೂ ಅದೇ ಮಿಸೆಸ್ ಹೋಲ್‌ರಾಯ್ಡ್. “ಏನ್ರೀ ವಾಲ್ಟರ್, ದಾರಿ ತಪ್ಪಿದ್ರಾ? ರೈಲು ಆ ಕಡೆ” ಅಂದಳು. ಟಿಕೆಟ್ ಕೊಡು ತಾಯಿ ಅಂದೆ. ಕೊಟ್ಟಳು. ಚಿಲ್ಲರೆ ಕೊಡುವಾಗ ನನ್ನ ಕೈಯನ್ನು ಒಂದು ಕ್ಷಣ ಹಿಡಿದುಕೊಂಡಳು. ಫ್ಲಾರೀಗೂ ಅವಳಿಗೂ ಸ್ನೇಹವಿತ್ತು.

ಒಳಗೆ ಹೋದಾಗ ಚಿತ್ರ ಅರ್ಧ ಆಗಿತ್ತು. ಪಕ್ಕದ ಮನೆಯ ಹೆಂಗಸು ಬಾಗಿಲು ತೆರೆದಳು, ಇನ್‌ಸ್ಪೆಕ್ಟರ್ ಟೋಪಿ ತೆಗೆದು ಪ್ರಶ್ನೆ ಕೇಳತೊಡಗಿದ. ನಾನು ಹಳೇ ಸಾಲಿನಲ್ಲೇ ಕೂತೆ. ನಿನ್ನ ಮಿಸ್ ಡೆಲಾನಿ ಬಂದಳು. ಉಂಗುರ ಇತ್ತು. ಆದರೆ ದೂರದಿಂದ ಉಂಗುರವೆಲ್ಲ ಒಂದೇ ಥರ, ನಾನು ಮುಂದಕ್ಕೆ ಬಗ್ಗಿ ನೋಡಿದರೂ ಖಚಿತವಾಗಿ ಹೇಳಲಾಗಲಿಲ್ಲ.

ಆಮೇಲೆ ಆ ಹೆಂಗಸು ಪೊಲೀಸರಿಗೆ ಕಾಯುತ್ತ ಮೇಜಿನ ಮುಂದೆ ಕೂರುತ್ತಾಳಲ್ಲ. ಗಡಿಯಾರ ತೋರಿಸಿದರು. ಆಮೇಲೆ ಪರದೆಯ ತುಂಬ ಕೈ.

ಅದು ಅವಳ ಕೈ ಅಲ್ಲ. ನಿನ್ನ ಕೈ.

ಹೆಬ್ಬೆರಳಿನಿಂದ ಉಂಗುರ ತಿರುಗಿಸುತ್ತಿದ್ದೆ. ಹಾಗೆ ಮಾಡು ಎಂದು ನಿನಗೆ ಯಾರೂ ಹೇಳಿರಲಾರರು. ನಿನ್ನಮ್ಮ ನಾನು ಪಾಳಿಯಿಂದ ಬರುವುದು ತಡವಾದರೆ ಅಡುಗೆಮನೆಯ ಮೇಜಿನ ಮುಂದೆ ಕೂತು ಹಾಗೇ ಮಾಡುತ್ತಿದ್ದಳು. ಹೊರಗಿನಿಂದ ಕಿಟಕಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ನನ್ನ ಬೂಟಿನ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಕಾದೇ ಇರಲಿಲ್ಲ ಎಂಬಂತೆ ಎದ್ದು ಒಲೆಯ ಕಡೆ ತಿರುಗುತ್ತಿದ್ದಳು. ಇದನ್ನು ನಾನು ಅವಳಿಗೂ ಹೇಳಿರಲಿಲ್ಲ.

ನಡುಬೆರಳಿನ ಮೇಲೆ ಮಸಿ. ಶಾಲೆಯಿಂದ ಬಂದಾಗ ಇರುತ್ತಿದ್ದ ಜಾಗದಲ್ಲೇ. ನೀನು ಹೇಳಿದ ತಪ್ಪು ಇದೇ ಇರಬೇಕು. ವಿಷ ಹಾಕಿದವಳಿಗೆ ಮಸಿ ಎಲ್ಲಿಂದ ಬಂತು ಎಂದು ನಮ್ಮ ಊರಲ್ಲಿ ಯಾರೂ ಕೇಳಲಿಲ್ಲ. ಅದನ್ನು ತಿದ್ದಿದ್ದರೆ ನನಗೆ ಬೇಸರವಾಗುತ್ತಿತ್ತು.

ಚಿತ್ರ ಮುಗಿಯಿತು. ವಾರ್ತೆ ಬಂತು, ಕತ್ತಿವರಸೆ ಬಂತು. ಯಾರು ಯಾರನ್ನು ಇರಿದರೋ ಗೊತ್ತಾಗಲಿಲ್ಲ. ಮತ್ತೆ ನಿಮ್ಮ ಚಿತ್ರ ಮೊದಲಿನಿಂದ ಬಂತು. ಬೇಸಿಲ್ ಹಾಲಿನವನಾಗಿ ಪರವಾಗಿಲ್ಲ. ಕಾನ್‌ಸ್ಟೆಬಲ್ ಅಂದರೆ ನನಗೆ ನಂಬಿಕೆ ಬರಲಿಲ್ಲ, ಮೀಸೆ ಒಂದು ಕಡೆ ಇಳಿದಿತ್ತು. ಹೆಣವಾಗಿ ಚೆನ್ನಾಗಿ ಮಾಡಿದ್ದಾನೆ, ಒಂದು ಸಲ ಹೊದಿಕೆ ಉಸಿರಾಡಿದ್ದು ಬಿಟ್ಟರೆ. ಅವನು ಎದ್ದು ಬೇಡವೆನ್ನಲು ಹೊರಟಿದ್ದು ಆಗಲೇ ಇರಬಹುದು. ಅವನಿಗೆ ಇದರ ಅರ್ಥ ಗೊತ್ತಾಗುತ್ತದೆ, ನೀನು ಕೇಳಬೇಡ. ಗಿರವಿ ಎಂದು ನಾನು ಬರೆದದ್ದು ತಪ್ಪು. ಅವನಿಗೆ ಹೇಳು. ನನ್ನನ್ನು ಏನೆಂದು ಕರೆಯಬೇಕೆಂದು ಅವನಿಗೆ ಗೊತ್ತಿಲ್ಲವಂತೆ. ಮಾವ ಅನ್ನಲಿ.

ನವೆಂಬರ್ ಎರಡನೇ ವಾರ ನನಗೆ ರಜೆ ಇದೆ, ರೈಲ್ವೆ ಪಾಸ್ ಇದೆ. ಮೂರನೇ ಮಹಡಿ ಹತ್ತಬಲ್ಲೆ. ಹೊಗೆ ಹಾಕಿದ ಮೀನು ನನಗೆ ಆಗುತ್ತದೆ. ಬರುವಾಗ ನಿನ್ನಮ್ಮನ ಆ ಒರಟು ಕಲ್ಲನ್ನು ತರುತ್ತೇನೆ. ಸಿಂಕ್ ಪಕ್ಕ ಅವಳು ಇಟ್ಟ ಜಾಗದಲ್ಲೇ ಇದೆ.

ಇನ್ನೊಂದು ಮಾತು. ಪಕ್ಕದ ಮನೆಯ ಹೆಂಗಸು ಮತ್ತೆ ಬಾಗಿಲು ತೆರೆದಳು, ಇನ್‌ಸ್ಪೆಕ್ಟರ್ ಮತ್ತೆ ಟೋಪಿ ತೆಗೆದ. ನಾವು ಬಂದ ಜಾಗ. ನಾನು ಕೋಟಿನ ಗುಂಡಿ ಹಾಕಿಕೊಂಡೆ. ಪಕ್ಕದ ಸೀಟು ಖಾಲಿ ಇತ್ತು, ಏಳು ವಾಲ್ಟರ್ ಎಂದು ಯಾರೂ ಅನ್ನಲಿಲ್ಲ. ಟಾರ್ಚ್ ಹಿಡಿದ ಹುಡುಗಿ ಬಂದು, “ಅಜ್ಜಾ, ಇದನ್ನ ಆಗ್ಲೇ ನೋಡಿದ್ರಲ್ಲ?” ಅಂದಳು. ಇದರಲ್ಲಿ ನನ್ನ ಮಗಳಿದ್ದಾಳೆ ಅಂದೆ. “ಕೊಲೆ ಮಾಡ್ತಾಳಲ್ಲ, ಅವ್ರಾ?” ಅಂದಳು.

ಕೈ ಮಾತ್ರ ಅಂದೆ. ಗುಂಡಿ ಬಿಚ್ಚಿ, ಅದು ಇನ್ನೊಮ್ಮೆ ಬರುವವರೆಗೆ ಕೂತಿದ್ದೆ.

ಅಪ್ಪ